ಸಾರ್ಕ್ ಸಭೆ ಮತ್ತೆ ಸೇರಲಿ

ನಮಸ್ಕಾರ. ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದರೆ ಇಲವಾಲ ಸಿಗುತ್ತದೆ. ಅದರ ಹತ್ತಿರದ ರತ್ನಹಳ್ಳಿಯಲ್ಲಿ ಯುರೇನಿಯಂ ಸಂವರ್ಧನೆ, ಅಂದರೆ ಅಣು ಇಂಧನಕ್ಕೂ ಬಾಂಬಿಗೂ ಒದಗುವಂತೆ ಯುರೇನಿಯಂ ಹದಗೊಳಿಸುವ ಕೆಲಸ, ಮಾಡುವ ಘಟಕ ಇದೆ. ಕನ್ನಂಬಾಡಿ ಕಟ್ಟೆಯೂ ಅಲ್ಲಿಂದ ದೂರವಿಲ್ಲ. ಹಾಗಾಗಿ ಅಣ್ವಸ್ತ್ರದ ಮಾತು ದೆಹಲಿಯವರಿಗೆ ಮಾತ್ರ ಸೇರಿದ್ದಲ್ಲ, ನಮ್ಮದೂ ಹೌದು.

ಇಂಥ ಘಟಕಗಳ ಮೇಲೆ ಯುದ್ಧದಲ್ಲೂ ದಾಳಿ ಮಾಡುವುದಿಲ್ಲ ಎಂದು ಭಾರತ, ಪಾಕಿಸ್ತಾನ ಒಪ್ಪಿಕೊಂಡಿವೆ. ಸಹಿ ಬಿದ್ದದ್ದು 1988ರ ಡಿಸೆಂಬರ್ 31, ಇಸ್ಲಾಮಾಬಾದಿನಲ್ಲಿ. ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು, ಅಕ್ಷಾಂಶ ರೇಖಾಂಶದ ಸಮೇತ, ಒಬ್ಬರಿಗೊಬ್ಬರು ಕೊಡುತ್ತವೆ. 1992ರಲ್ಲಿ ಶುರುವಾದ ಈ ಪದ್ಧತಿ ಕಾರ್ಗಿಲ್ ಯುದ್ಧ ಆದಮೇಲೂ ನಿಲ್ಲಲಿಲ್ಲ.

ಅವತ್ತು ರಾಜೀವ್ ಗಾಂಧಿ ಇಸ್ಲಾಮಾಬಾದಿಗೆ ಹೋಗಿದ್ದು ಯಾಕೆ ಗೊತ್ತಾ? ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಶೃಂಗಸಭೆಗೆ. ಎರಡು ದೇಶಗಳ ನಡುವಿನ ತಕರಾರನ್ನು ಸಭೆಯಲ್ಲಿ ಎತ್ತಬಾರದು ಅಂತ ಸಾರ್ಕ್ ನಿಯಮದಲ್ಲೇ ಇದೆ. ಆದರೆ ಸಭೆಯ ನೆಪದಲ್ಲಿ ಇಬ್ಬರು ಪ್ರಧಾನಿಗಳು ಒಂದೇ ಊರಿನಲ್ಲಿ ಸೇರಿದರಲ್ಲ, ಕೆಲಸ ಆಯಿತು. ಇದಕ್ಕೆ ಎರಡು ವರ್ಷ ಮೊದಲು, 1986ರಲ್ಲಿ, ಇದೇ ಸಾರ್ಕ್ ನಮ್ಮ ಬೆಂಗಳೂರಿನಲ್ಲಿ ಸೇರಿತ್ತು.

2014ರ ಕಠ್ಮಂಡು ಸಭೆಯೇ ಕೊನೆ. ಆಮೇಲೆ ಶೃಂಗಸಭೆ ನಡೆದೇ ಇಲ್ಲ. 2016ರಲ್ಲಿ ಕಾಶ್ಮೀರದ ಉರಿ ಸೇನಾ ನೆಲೆಯ ಮೇಲೆ ದಾಳಿಯಾದ ಮೇಲೆ, ಇಸ್ಲಾಮಾಬಾದಿನಲ್ಲಿ ನಡೆಯಬೇಕಿದ್ದ ಸಭೆಗೆ ನಾವು ಹೋಗುವುದಿಲ್ಲ ಎಂದೆವು. ಆ ಸಿಟ್ಟು ನ್ಯಾಯವಾದದ್ದೇ. ಪುಲ್ವಾಮಾದಲ್ಲಿ ಮದ್ದೂರು ತಾಲ್ಲೂಕಿನ ಯೋಧರೊಬ್ಬರನ್ನು ಕಳೆದುಕೊಂಡ ಮಂಡ್ಯಕ್ಕೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ನಾನು ಹೇಳುತ್ತೇನೆ: ಪಾಕಿಸ್ತಾನದ ಮೇಲೆ ನಂಬಿಕೆ ಇರುವುದರಿಂದ ಮಾತಾಡಿ ಎನ್ನುತ್ತಿಲ್ಲ. ನಂಬಿಕೆ ಇಲ್ಲ, ಅದಕ್ಕೇ ಮಾತಾಡಬೇಕು. ನಂಬಿಕೆ ಇದ್ದಿದ್ದರೆ ಆ ಪಟ್ಟಿಯೇ ಬೇಕಿರಲಿಲ್ಲ, ಅಲ್ವಾ?

ಬೇರೆ ಕಡೆ ನೋಡಿ. ಅಮೆರಿಕ, ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದ 1962ರ ಕ್ಯೂಬಾ ಬಿಕ್ಕಟ್ಟಿನಿಂದ ಬೆಚ್ಚಿದ ಲ್ಯಾಟಿನ್ ಅಮೆರಿಕದ ದೇಶಗಳು 1967ರಲ್ಲೇ ತಮ್ಮ ನೆಲದಲ್ಲಿ ಅಣ್ವಸ್ತ್ರ ಬೇಡ ಎಂದು ಒಪ್ಪಂದ ಮಾಡಿಕೊಂಡವು. ಆಗ್ನೇಯ ಏಷ್ಯಾದವರು 1995ರಲ್ಲಿ ಬ್ಯಾಂಕಾಕಿನಲ್ಲಿ ಅದನ್ನೇ ಮಾಡಿದರು. ನಮ್ಮಲ್ಲಿ ಅಷ್ಟು ಆಗದು. 1998ರಲ್ಲಿ ಎರಡೂ ದೇಶ ಬಾಂಬ್ ಪರೀಕ್ಷೆ ಮಾಡಿಯಾಗಿದೆ. ಜೊತೆಗೆ ಚೀನಾ ಪಕ್ಕದಲ್ಲೇ ಇದೆ, ಅದು ಸಾರ್ಕ್ ಸದಸ್ಯನೂ ಅಲ್ಲ.

ಆದರೆ ಆಗುವಂಥದ್ದೂ ಇದೆ. ಬ್ಯಾಲಿಸ್ಟಿಕ್ ಕ್ಷಿಪಣಿ (ಎತ್ತರಕ್ಕೆ ಹಾರಿ ಬಿಲ್ಲಿನಂತೆ ಬಾಗಿ ಬೀಳುವಂಥದ್ದು) ಪರೀಕ್ಷಿಸುವ ಮುಂಚೆ ಒಬ್ಬರಿಗೊಬ್ಬರು ತಿಳಿಸಬೇಕು ಎಂಬ 2005ರ ಭಾರತ-ಪಾಕಿಸ್ತಾನ ಒಪ್ಪಂದದಲ್ಲಿ ಕ್ರೂಸ್ ಕ್ಷಿಪಣಿ (ವಿಮಾನದಂತೆ ತಗ್ಗಿನಲ್ಲಿ ಹಾರುವಂಥದ್ದು) ಸೇರಿಲ್ಲ. 2022ರ ಮಾರ್ಚ್ 9ರಂದು ನಮ್ಮ ಕಡೆಯಿಂದ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಬಳಿ ಬಿದ್ದದ್ದು ಅಂಥದ್ದೇ ಕ್ಷಿಪಣಿ. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರ ಪ್ರಾಣವೂ ಹೋಗಲಿಲ್ಲ. ಸಾರ್ಕ್ ಸಭೆ ಮತ್ತೆ ಸೇರಲಿ. ಅದರ ಪಕ್ಕದ ಕೋಣೆಯಲ್ಲಿ ಎರಡೂ ದೇಶದ ಅಧಿಕಾರಿಗಳು ಕೂತು ಮೂರು ವಿಷಯ ಬರೆದುಕೊಳ್ಳಲಿ: ಕ್ರೂಸ್ ಕ್ಷಿಪಣಿ ಪರೀಕ್ಷೆಯ ಮುನ್ಸೂಚನೆ, ಕ್ಷಿಪಣಿ ತಪ್ಪಿ ಹಾರಿದರೆ ಎಷ್ಟು ನಿಮಿಷದೊಳಗೆ ಫೋನ್ ಮಾಡಬೇಕು, ಆ ಫೋನನ್ನು ಯಾರು ಎತ್ತಬೇಕು.