ಹರ್ಮನ್ ಮೆಲ್ವಿಲ್: ಹಗ್ಗ, ಎಣ್ಣೆ, ಕೂಲಿ

ಕೇಳುಗರೆ, ನಮಸ್ಕಾರ.

ಅಮೆರಿಕದ ಲೇಖಕ ಹರ್ಮನ್ ಮೆಲ್ವಿಲ್‌ನ ‘ಮೊಬಿ ಡಿಕ್’ ಕಾದಂಬರಿಯಲ್ಲಿ 135 ಅಧ್ಯಾಯಗಳಿವೆ. ಓದಲು ಹೊರಟವರು ಹೆಚ್ಚಾಗಿ 32ನೆಯ ಅಧ್ಯಾಯದ ಹತ್ತಿರ ನಿಂತುಬಿಡುತ್ತಾರೆ. ಅಲ್ಲಿ ತಿಮಿಂಗಿಲಗಳ ವರ್ಗೀಕರಣವಿದೆ, ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಇನ್ನು ಕೆಲವರು ಬೇಟೆಯ ಸಲಕರಣೆಗಳ ಪುಟಗಳನ್ನೆಲ್ಲ ಹಾರಿಸಿ, ಅಹಾಬ್ ಎಂಬ ಕಪ್ತಾನ ಬಿಳಿ ತಿಮಿಂಗಿಲದ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಕಥೆಯನ್ನಷ್ಟೇ ಓದಿ ಮುಗಿಸುತ್ತಾರೆ. ಹೀಗೆ ಹಾರಿಸಿದ ಪುಟಗಳಲ್ಲೇ ಮೆಲ್ವಿಲ್ ಇದ್ದಾನೆ. ವಿಧಿ, ಅಧಿಕಾರ, ಮನುಷ್ಯ ಮನುಷ್ಯರ ನಡುವಿನ ನಂಟು, ಇವನ್ನೆಲ್ಲ ಅವನು ಯೋಚಿಸಿದ್ದು ಕೈಕೆಲಸದ ಮೂಲಕ.

60ನೆಯ ಅಧ್ಯಾಯವನ್ನೇ ನೋಡೋಣ. ಅದು ಪೂರ್ತಿಯಾಗಿ ಒಂದು ಹಗ್ಗದ ಮೇಲೆ ಬರೆದದ್ದು. ಹಾರ್ಪೂನ್ ಎಂಬ ಕೊಕ್ಕೆಯೀಟಿಗೆ ಕಟ್ಟುವ ಹಗ್ಗ. ದಪ್ಪ ಅಂಗುಲದ ಮೂರರಲ್ಲಿ ಎರಡು ಪಾಲು. ಒಳಗೆ 51 ಎಳೆ, ಒಂದೊಂದು ಎಳೆಯೂ 120 ಪೌಂಡ್ ತಡೆಯುತ್ತದೆ. ಉದ್ದ 200 ಫ್ಯಾದಮ್‌ಗಿಂತ ಹೆಚ್ಚು, ಅಂದರೆ 1,200 ಅಡಿ ದಾಟುತ್ತದೆ. ಇದನ್ನು ದೋಣಿಯ ಹಿಂಬದಿಯ ತೊಟ್ಟಿಯಲ್ಲಿ ಸುರುಳಿ ಸುತ್ತಿಡುವುದಕ್ಕೇ ಕೆಲವು ಹಾರ್ಪೂನ್‌ಗಾರರು ಹೆಚ್ಚುಕಡಿಮೆ ಒಂದು ಬೆಳಗಿನ ಹೊತ್ತೆಲ್ಲ ಕಳೆಯುತ್ತಾರೆ. ಎತ್ತರದಲ್ಲಿ ರಾಟೆಗೆ ಹಾಯಿಸಿ, ತಿರುಚು ಬಿಡಿಸಿ, ಆಮೇಲೆ ಸುತ್ತುತ್ತಾರೆ. ಒಂದು ಸಿಕ್ಕು ಉಳಿದರೂ, ಗಾಯಗೊಂಡ ತಿಮಿಂಗಿಲ ಓಡುವಾಗ ಆ ಹಗ್ಗ ಯಾರದಾದರೂ ಕೈಯನ್ನೋ ಕಾಲನ್ನೋ ಇಡೀ ಮೈಯನ್ನೋ ಕೊಂಡೊಯ್ಯುತ್ತದೆ. ತೊಟ್ಟಿಯಿಂದ ಹೊರಟ ಹಗ್ಗ ಹಿಂದಿನ ಗೂಟವನ್ನು ಬಳಸಿ, ದೋಣಿಯ ಉದ್ದಕ್ಕೂ ಒಂದೊಂದು ಹುಟ್ಟಿನ ಹಿಡಿಯ ಮೇಲೂ ಅಡ್ಡಹಾಯ್ದು, ಹುಟ್ಟು ಹಾಕುವವರ ಮಣಿಕಟ್ಟಿಗೆ ತಾಗುತ್ತ ಮೂತಿಯ ಕಡೆಗೆ ಹೋಗುತ್ತದೆ. ಎಲ್ಲರೂ ಅದರ ಸುತ್ತಿನೊಳಗೇ ಕೂತಿರುತ್ತಾರೆ.

ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಕುಣಿಕೆ. ಅದನ್ನು ದೋಣಿಗೆ ಕಟ್ಟುವುದಿಲ್ಲ, ತೊಟ್ಟಿಯ ಅಂಚಿನಲ್ಲಿ ಹಾಗೇ ಇಳಿಬಿಟ್ಟಿರುತ್ತಾರೆ. ಇದಕ್ಕೆ ಎರಡು ಕಾರಣ. ತಿಮಿಂಗಿಲ ಬಹಳ ಆಳಕ್ಕೆ ಇಳಿದರೆ ಪಕ್ಕದ ದೋಣಿಯ ಹಗ್ಗವನ್ನು ಆ ಕುಣಿಕೆಗೆ ಸೇರಿಸಬಹುದು. ಎರಡನೆಯದು ಪ್ರಾಣದ ಪ್ರಶ್ನೆ: ತುದಿಯನ್ನು ದೋಣಿಗೆ ಕಟ್ಟಿದ್ದರೆ, ಹಗ್ಗ ಮುಗಿದ ಗಳಿಗೆಯಲ್ಲಿ ದೋಣಿಯೂ ನೀರೊಳಕ್ಕೆ ಹೋಗುತ್ತದೆ.

ಈಗ ಕೊನೆಯ ಅಧ್ಯಾಯಕ್ಕೆ ಬನ್ನಿ. ಅಹಾಬ್ ಹಾರ್ಪೂನ್ ಎಸೆಯುತ್ತಾನೆ. ಹಗ್ಗ ಸಿಕ್ಕಿಕೊಳ್ಳುತ್ತದೆ. ಬಾಗಿ ಬಿಡಿಸುತ್ತಾನೆ, ಬಿಡಿಸಿಯೂ ಬಿಡುತ್ತಾನೆ. ಆದರೆ ಹಾರಿಬಂದ ಒಂದು ಸುತ್ತು ಅವನ ಕುತ್ತಿಗೆಗೆ ಬಿದ್ದು, ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ. ಮರುಕ್ಷಣವೇ ತೊಟ್ಟಿಯಿಂದ ಆ ಭಾರದ ಕುಣಿಕೆ ಹಾರಿ, ಒಬ್ಬ ಹುಟ್ಟುಗಾರನನ್ನು ಕೆಡವಿ ಸಮುದ್ರ ಸೇರುತ್ತದೆ. ಕಪ್ತಾನ ಹೋದ, ಆ ಗಳಿಗೆಗೆ ದೋಣಿ ಉಳಿಯಿತು. ಯಾಕೆ ಉಳಿಯಿತು ಎನ್ನುವುದಕ್ಕೆ ಉತ್ತರ 75 ಅಧ್ಯಾಯಗಳ ಹಿಂದೆಯೇ ಇದೆ. ಹಗ್ಗದ ಅಧ್ಯಾಯ ಓದದವರಿಗೆ ಅಹಾಬನ ಸಾವು ಆಕಸ್ಮಿಕ. ಓದಿದವರಿಗೆ, ಆ ದೋಣಿಯಲ್ಲಿ ಕೂತ ಪ್ರತಿಯೊಬ್ಬನ ಕೊರಳ ಸುತ್ತಲೂ ಮೊದಲ ದಿನದಿಂದ ಇದ್ದದ್ದೇ ಅದು.

ಇಷ್ಟು ಖಚಿತವಾಗಿ ಬರೆದವನು ಆ ಕೆಲಸ ಮಾಡಿದವನು. ಮೆಲ್ವಿಲ್ ಹುಟ್ಟಿದ್ದು 1819ರ ಆಗಸ್ಟ್ 1ರಂದು, ನ್ಯೂಯಾರ್ಕಿನಲ್ಲಿ. ತಂದೆ ಫ್ರಾನ್ಸಿನಿಂದ ಸಾಮಾನು ತರಿಸಿ ಮಾರುತ್ತಿದ್ದವರು. 1830ರಲ್ಲಿ ವ್ಯಾಪಾರ ಮುಳುಗಿತು, 1832ರಲ್ಲಿ ಸಾಲ ಬಿಟ್ಟು ತೀರಿಕೊಂಡರು. ಹನ್ನೆರಡರ ಹುಡುಗ ಶಾಲೆ ಬಿಟ್ಟು ಬ್ಯಾಂಕಿನಲ್ಲಿ ಗುಮಾಸ್ತನಾದ. ಆಮೇಲೆ ದೊಡ್ಡಪ್ಪನ ಹೊಲ, ಅಣ್ಣನ ಟೋಪಿ ಅಂಗಡಿ, ಹಳ್ಳಿ ಶಾಲೆಯ ಮೇಷ್ಟರಿಕೆ. 1841ರ ಜನವರಿ 3ರಂದು ಫೇರ್‌ಹೇವನ್ ಬಂದರಿನಿಂದ ‘ಅಕುಶ್ನೆಟ್’ ಎಂಬ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಹದಿನೆಂಟು ತಿಂಗಳ ನಂತರ ಮಾರ್ಕೆಸಾಸ್ ದ್ವೀಪಗಳ ನುಕು ಹಿವಾದಲ್ಲಿ ಗೆಳೆಯನೊಬ್ಬನ ಜೊತೆ ಓಡಿಹೋಗಿ, ತೈಪಿ ಜನರ ನಡುವೆ ಸುಮಾರು ಒಂದು ತಿಂಗಳಿದ್ದ. ಮುಂದೆ ಇನ್ನೊಂದು ಹಡಗು, ಅಲ್ಲಿ ಕೆಲಸ ನಿರಾಕರಿಸಿದ್ದಕ್ಕೆ ತಾಹಿತಿಯಲ್ಲಿ ಸೆರೆ, ಹವಾಯಿ, ಕೊನೆಗೆ ಅಮೆರಿಕದ ಯುದ್ಧನೌಕೆ. ಆ ನೌಕೆಯ ಮೇಲೆ ನಾವಿಕರಿಗೆ ಚಾಟಿಯೇಟು ಕೊಡುವುದನ್ನು ನೂರಕ್ಕೂ ಹೆಚ್ಚು ಬಾರಿ ಕಂಡ. 1844ರ ಅಕ್ಟೋಬರಿನಲ್ಲಿ ಬಾಸ್ಟನ್ನಿಗೆ ಬಂದಿಳಿದ.

ಆ ಹಡಗುಗಳಲ್ಲಿ ಸಂಬಳವಿರಲಿಲ್ಲ, ಲಾಭದಲ್ಲಿ ಪಾಲು ಮಾತ್ರ. ಮೆಲ್ವಿಲ್‌ಗೆ ಗೊತ್ತುಮಾಡಿದ್ದು 175ರಲ್ಲಿ ಒಂದು ಪಾಲು, ಮುಂಗಡ 84 ಡಾಲರ್. ಕಾದಂಬರಿಯ ನಿರೂಪಕ ಇಷ್ಮೇಲ್‌ಗೆ ಹಡಗಿನ ಪಾಲುದಾರರಲ್ಲಿ ಒಬ್ಬ 777ರಲ್ಲಿ ಒಂದು ಎನ್ನುತ್ತಾನೆ. ಜಗಳವಾಗಿ 300ಕ್ಕೆ ನಿಲ್ಲುತ್ತದೆ. ಅವನ ಗೆಳೆಯ, ಪೆಸಿಫಿಕ್ ದ್ವೀಪದ ಕ್ವೀಕ್ವೆಗ್, ಒಮ್ಮೆ ಹಾರ್ಪೂನ್ ಎಸೆದು ತೋರಿಸಿದ ಕೂಡಲೇ 90ರಲ್ಲಿ ಒಂದು ಪಾಲು. ಕ್ರೈಸ್ತನಲ್ಲ ಎಂದು ಹಡಗಿಗೇ ಹತ್ತಿಸಲೊಲ್ಲದವರು ಬಿಳಿಯನಿಗಿಂತ ಮೂರು ಪಟ್ಟಿಗೂ ಹೆಚ್ಚು ಕೊಡುತ್ತಾರೆ. ಜನಾಂಗದ ಬಗ್ಗೆ ಒಂದು ಉಪನ್ಯಾಸವಿಲ್ಲದೆ, ಲೆಕ್ಕದಿಂದಲೇ ಮೆಲ್ವಿಲ್ ಇದನ್ನು ಹೇಳಿಬಿಡುತ್ತಾನೆ.

ಕೆಲಸದಲ್ಲಿ ಎಲ್ಲಿ ತಪ್ಪುತ್ತದೆ ಎಂಬುದರ ಮೇಲೂ ಅವನ ಕಣ್ಣು. 62ನೆಯ ಅಧ್ಯಾಯದಲ್ಲಿ ಕೇಳುತ್ತಾನೆ: 50 ಒಳ್ಳೆಯ ಅವಕಾಶಗಳಲ್ಲಿ ಐದು ಎಸೆತವೂ ನಾಟುವುದಿಲ್ಲ, ಏಕೆ? ಹಾರ್ಪೂನ್‌ಗಾರನೇ ಮುಂದಿನ ಹುಟ್ಟನ್ನೂ ಹಾಕಬೇಕು, ಎಲ್ಲರಿಗಿಂತ ಜೋರಾಗಿ ಎಳೆಯಬೇಕು, ಕೂಗಿ ಹುರಿದುಂಬಿಸಲೂ ಬೇಕು. ದಣಿದ ತೋಳಿನಿಂದ ಎದ್ದು ತಿರುಗಿ ಎಸೆಯಬೇಕು. ಈಟಿ ನಾಟಿದ ಮೇಲೆ ಅವನೂ ದೋಣಿಯ ಮುಖಂಡನೂ ಓಡುವ ಹಗ್ಗದ ನಡುವೆ ಜಾಗ ಬದಲಿಸಬೇಕು. ಎಸೆಯುವವನು ಹುಟ್ಟು ಹಾಕಬಾರದು, ಇದು ಮೆಲ್ವಿಲ್‌ನ ತೀರ್ಪು.

ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ದೊಡ್ಡದೆನಿಸುವುದು 72ನೆಯ ಅಧ್ಯಾಯ. ಸತ್ತ ತಿಮಿಂಗಿಲವನ್ನು ಹಡಗಿನ ಪಕ್ಕಕ್ಕೆ ಬಿಗಿದಿದ್ದಾರೆ. ಕೊಬ್ಬಿನ ಪದರ ಎತ್ತುವ ಕೊಕ್ಕೆ ಸಿಕ್ಕಿಸಲು ಕ್ವೀಕ್ವೆಗ್ ಅದರ ಜಾರುವ ಬೆನ್ನ ಮೇಲೆ ಇಳಿದಿದ್ದಾನೆ. ಸುತ್ತ ಶಾರ್ಕುಗಳು. ಅವನ ಸೊಂಟದ ಪಟ್ಟಿಯಿಂದ ಹೊರಟ ಹಗ್ಗದ ಇನ್ನೊಂದು ತುದಿ ಮೇಲೆ ನಿಂತ ಇಷ್ಮೇಲ್‌ನ ಸೊಂಟಕ್ಕೆ. ಅವನು ಮುಳುಗಿದರೆ ಇವನೂ ಮುಳುಗಬೇಕು. ಅಡಿಟಿಪ್ಪಣಿಯಲ್ಲಿ ಮೆಲ್ವಿಲ್ ಹೇಳುತ್ತಾನೆ: ಈ ಹಗ್ಗ ಎಲ್ಲ ಹಡಗುಗಳಲ್ಲೂ ಉಂಟು, ಆದರೆ ಮೇಲಿನವನಿಗೂ ಕಟ್ಟಿದ್ದು ಈ ಕಥೆಯ ಪೀಕ್ವಾಡ್ ಹಡಗಿನಲ್ಲಿ ಮಾತ್ರ; ಹಿಡಿದವನು ಎಚ್ಚರ ತಪ್ಪದಿರಲೆಂದು ಹಡಗಿನ ಅಧಿಕಾರಿ ಸ್ಟಬ್ ಮಾಡಿದ ಸುಧಾರಣೆ. ಅಲ್ಲಿ ನಿಂತು ಇಷ್ಮೇಲ್‌ಗೆ ಹೊಳೆಯುತ್ತದೆ, ಲೋಕದಲ್ಲಿ ಎಲ್ಲರೂ ಹೀಗೇ ಕಟ್ಟಿಕೊಂಡಿದ್ದಾರೆ. ಬ್ಯಾಂಕಿನವನು ಮುಳುಗಿದರೆ ನೀನು ಮುಳುಗುತ್ತೀಯ, ಔಷಧಿಯವನು ತಪ್ಪಿ ವಿಷ ಕೊಟ್ಟರೆ ನೀನು ಸಾಯುತ್ತೀಯ. ತಂದೆಯ ದಿವಾಳಿ ಕಂಡ ಮಗ ಬರೆದ ಮಾತು ಅದು.

ತಿಮಿಂಗಿಲದ ಕೊಬ್ಬಿನಿಂದ ಎಣ್ಣೆ ಕಾಯಿಸುವುದು 96ನೆಯ ಅಧ್ಯಾಯದಲ್ಲಿ. ಹಡಗಿನ ಮೇಲೆ ಇಟ್ಟಿಗೆಯ ಒಲೆ, ಎರಡು ಭಾರೀ ಕಡಾಯಿ. ಮರದ ಅಟ್ಟಕ್ಕೆ ಕಾವು ತಾಗದಂತೆ ಒಲೆಯ ಕೆಳಗೆ ನೀರಿನ ತೊಟ್ಟಿ. ನೀರು ಆವಿಯಾದಷ್ಟೂ ತುಂಬುತ್ತಿರಬೇಕು. ಮೊದಲು ಸೌದೆ, ಆಮೇಲೆ ಎಣ್ಣೆ ಬಿಟ್ಟು ಗರಿಗರಿಯಾದ ಕೊಬ್ಬಿನ ಚೂರುಗಳೇ ಉರುವಲು. ತಿಮಿಂಗಿಲ ತನ್ನ ಮೈಯಿಂದಲೇ ಬೇಯುತ್ತದೆ. ಆ ಬೆಂಕಿಯನ್ನೇ ನೋಡುತ್ತ ಚುಕ್ಕಾಣಿ ಹಿಡಿದ ಇಷ್ಮೇಲ್ ತೂಕಡಿಸಿ, ಹಡಗಿನ ಹಿಂಬದಿಗೆ ಮುಖಮಾಡಿ ಎಚ್ಚರಗೊಳ್ಳುತ್ತಾನೆ. ಇನ್ನೊಂದು ಗಳಿಗೆ ಹಾಗೇ ಇದ್ದಿದ್ದರೆ ಹಡಗು ಮಗುಚುತ್ತಿತ್ತು. ಅಹಾಬನ ರೋಗವೂ ಇದೇ, ಒಂದೇ ಉರಿಯನ್ನು ದಿಟ್ಟಿಸುತ್ತ ದಿಕ್ಕು ತಪ್ಪುವುದು.

ನಮ್ಮ ದೇಶಕ್ಕೆ ಸೇರಿದ ಒಂದು ಸಂಗತಿಯೂ ಇದೆ. ಮೆಲ್ವಿಲ್ ಭಾರತಕ್ಕೆ ಬಂದವನಲ್ಲ. ಆದರೆ ಚಿತ್ರಗಾರರು ತಿಮಿಂಗಿಲವನ್ನು ಹೇಗೆ ತಪ್ಪಾಗಿ ತೋರಿಸಿದ್ದಾರೆ ಎನ್ನುವ 55ನೆಯ ಅಧ್ಯಾಯದಲ್ಲಿ ಎಲಿಫೆಂಟಾ ಗುಹೆಯ ಮತ್ಸ್ಯಾವತಾರವನ್ನು ತರುತ್ತಾನೆ. ಬಾಲ ಅನಕೊಂಡ ಹಾವಿನದರಂತಿದೆ, ತಿಮಿಂಗಿಲದ ಅಗಲವಾದ ಬಾಲವಲ್ಲ ಎಂದು ಆಕ್ಷೇಪಿಸುತ್ತಾನೆ.

ಪುಸ್ತಕ ಸೋತಿತು. 1851ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದಾಗ ಉಪಸಂಹಾರವೇ ಬಿಟ್ಟುಹೋಗಿತ್ತು. ಇಷ್ಮೇಲ್ ಶವಪೆಟ್ಟಿಗೆ ಹಿಡಿದು ತೇಲಿ ಬದುಕಿದ್ದು ಅಲ್ಲೇ ಇರುವುದು. ಎಲ್ಲರೂ ಮುಳುಗಿದರೆ ಕಥೆ ಹೇಳಿದವರಾರು ಎಂದು ವಿಮರ್ಶಕರು ಕೇಳಿದರು. ನವೆಂಬರಿನ ನ್ಯೂಯಾರ್ಕ್ ಮುದ್ರಣ ಸರಿಯಾಗಿತ್ತು, ಆದರೆ ಅದರಿಂದ ಜೀವಮಾನದಲ್ಲಿ ಮೆಲ್ವಿಲ್ ಗಳಿಸಿದ್ದು 556 ಡಾಲರ್ 37 ಸೆಂಟ್.

ಆಮೇಲೆ ಸಣ್ಣ ಕಥೆಗಳು. 1853ರ ‘ಬಾರ್ಟಲ್ಬಿ’ಯಲ್ಲಿ ವಕೀಲರ ಕಚೇರಿಯ ನಕಲುಗಾರನೊಬ್ಬ, ಕೊಟ್ಟ ಕೆಲಸವನ್ನು ಮಾಡದಿರುವುದೇ ತನಗಿಷ್ಟ ಎಂದು ಸೌಮ್ಯವಾಗಿ ಹೇಳುತ್ತಾನೆ. ಜಗಳವಿಲ್ಲ, ಕಾರಣವಿಲ್ಲ. ಬೈದರೆ ಎದುರಿಸಬಹುದು, ಹೀಗೆ ಹೇಳುವವನನ್ನು ಒಳ್ಳೆಯ ಯಜಮಾನ ಏನು ಮಾಡಬೇಕು? 1855ರ ‘ಬೆನಿಟೊ ಸೆರೆನೊ’ದಲ್ಲಿ ಗುಲಾಮರು ದಂಗೆಯೆದ್ದು ಹಡಗನ್ನು ವಶಮಾಡಿಕೊಂಡಿದ್ದಾರೆ. ಅಲ್ಲಿಗೆ ಬಂದ ಅಮೆರಿಕದ ಸಜ್ಜನ ಕಪ್ತಾನನಿಗೆ ಅದು ಕಾಣುವುದೇ ಇಲ್ಲ, ಕರಿಯರಿಗೆ ಅಂಥ ಬುದ್ಧಿಯಿದೆ ಎಂದು ಅವನು ನಂಬಲಾರ.

1866ರಿಂದ 19 ವರ್ಷ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಇನ್ಸ್‌ಪೆಕ್ಟರ್, ದಿನಕ್ಕೆ ನಾಲ್ಕು ಡಾಲರ್. 1867ರಲ್ಲಿ ಹಿರಿಯ ಮಗ ಗುಂಡು ಹಾರಿಸಿಕೊಂಡು ತೀರಿಕೊಂಡ. 1891ರ ಸೆಪ್ಟೆಂಬರ್ 28ರಂದು ಮೆಲ್ವಿಲ್ ಸತ್ತಾಗ ಮೇಜಿನಲ್ಲಿ ಮುಗಿಯದ ‘ಬಿಲ್ಲಿ ಬಡ್’ ಎಂಬ ಕಿರುಕಾದಂಬರಿ ಇತ್ತು. 1919ರಲ್ಲಿ ಸಂಶೋಧಕ ರೇಮಂಡ್ ವೀವರ್ ಕಣ್ಣಿಗೆ ಬಿದ್ದು 1924ರಲ್ಲಿ ಅಚ್ಚಾಯಿತು. ಅದರಲ್ಲಿ ಮೇಲಧಿಕಾರಿ ಸುಳ್ಳು ಆರೋಪ ಹೊರಿಸಿದಾಗ ತೊದಲುವ ನಾವಿಕ ಮಾತು ಹೊರಡದೆ ಹೊಡೆದುಬಿಡುತ್ತಾನೆ, ಮೇಲಧಿಕಾರಿ ಸಾಯುತ್ತಾನೆ. ಹುಡುಗ ನಿರಪರಾಧಿ ಎಂದು ಬಲ್ಲ ಕಪ್ತಾನನೇ ಗಲ್ಲಿಗೇರಿಸುತ್ತಾನೆ. ಮೆಲ್ವಿಲ್‌ನ ಮಾವ ಲೆಮ್ಯುಯೆಲ್ ಶಾ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ. ಗುಲಾಮಗಿರಿಯನ್ನು ಒಪ್ಪದಿದ್ದರೂ, 1851ರಲ್ಲಿ ತಪ್ಪಿಸಿಕೊಂಡು ಬಂದ ಥಾಮಸ್ ಸಿಮ್ಸ್‌ನನ್ನು ಕಾನೂನಿನ ಹೆಸರಿನಲ್ಲಿ ಬಿಡಿಸಲು ನಿರಾಕರಿಸಿದವರು. ಆ ಕಪ್ತಾನನನ್ನು ಓದುವಾಗ ಇದು ನೆನಪಿರಲಿ.

ಹೊಸದಾಗಿ ಓದುವವರು ‘ಬಾರ್ಟಲ್ಬಿ’ಯಿಂದ ಶುರುಮಾಡಿ, ಆಮೇಲೆ ‘ಬೆನಿಟೊ ಸೆರೆನೊ’. ‘ಮೊಬಿ ಡಿಕ್’ಗೆ ಬಂದಾಗ 32ನೆಯ ಅಧ್ಯಾಯ ಭಾರವೆನಿಸಿದರೆ ಎರಡು ದಿನಕ್ಕೆ ಹಂಚಿಕೊಳ್ಳಿ. 60, 72, 96 ಮಾತ್ರ ಹಾರಿಸಬೇಡಿ.

ನಮಸ್ಕಾರ.