ಮೊದಲ ನಕ್ಷತ್ರಗಳ ಸುಳಿವು ಬೇಕಾದರೆ ಸ್ಫೋಟಗಳನ್ನೇ ಹಿಡಿಯಬೇಕು

ನಮಸ್ಕಾರ, ಚಿಕ್ಕಬಳ್ಳಾಪುರದಿಂದ ಮಾತಾಡುತ್ತಿದ್ದೇನೆ. ಆಕಾಶದ ಸ್ಫೋಟಗಳ ಮೇಲೆ ಕಣ್ಣಿಡೋಕೆ ಭಾರತ ತನ್ನದೇ ಹೊಸ ಉಪಗ್ರಹಗಳನ್ನು ಹಾರಿಸಬೇಕು. ಅದು ಸುಮ್ನೆ ದುಡ್ಡು ದಂಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಯಾಕೆ ಅಂದರೆ, ಭಾರಿ ತೂಕದ ನಕ್ಷತ್ರವೊಂದು ಉರುವಲು ಮುಗಿದು ಕುಸಿದಾಗ ಕೆಲವೊಮ್ಮೆ ಗಾಮಾ ಕಿರಣಗಳು, ಅಂದರೆ ಕಣ್ಣಿಗೆ ಕಾಣದ ಭಾರಿ ಶಕ್ತಿಯ ಕಿರಣಗಳು, ಎರಡು ಕಡೆಗೂ ಚಿಮ್ಮುತ್ತವೆ. ಇಂಥ ಸ್ಫೋಟಗಳಲ್ಲಿ ಹೆಚ್ಚಿನವು ಕೆಲವೇ ಸೆಕೆಂಡು, ಇಲ್ಲವೇ ಒಂದೆರಡು ನಿಮಿಷ ಅಷ್ಟೇ. 2009ರ ಏಪ್ರಿಲ್ 23ರಂದು ನಾಸಾದ ಸ್ವಿಫ್ಟ್ ಉಪಗ್ರಹ ಇಂಥದ್ದೊಂದನ್ನು ಹಿಡಿಯಿತು. ಅದು ನಡೆದಾಗ ಬ್ರಹ್ಮಾಂಡಕ್ಕೆ ಸುಮಾರು 63 ಕೋಟಿ ವರ್ಷ ವಯಸ್ಸು. ಬೆಳಕು ಇಲ್ಲಿಗೆ ಬರಲು 1300 ಕೋಟಿ ವರ್ಷ ಹಿಡಿಯಿತು! ಆ ನಕ್ಷತ್ರವಿದ್ದ ಗ್ಯಾಲಕ್ಸಿ ಎಷ್ಟು ಮಂಕು ಅಂದರೆ, ಆಮೇಲೆ ಹಬಲ್ ಬಾಹ್ಯಾಕಾಶ ದೂರದರ್ಶಕ ಹುಡುಕಿದರೂ ಕಾಣಲಿಲ್ಲ. ಸ್ಫೋಟ ಆಗದಿದ್ದರೆ ಅಲ್ಲಿ ನಕ್ಷತ್ರಗಳು ಹುಟ್ಟುತ್ತಿದ್ದವು ಅನ್ನುವುದೇ ನಮಗೆ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಸ್ಫೋಟದ ನಂತರವೂ ಕೆಲವು ದಿನ ಮಂದ ಬೆಳಕು ಉಳಿಯುತ್ತದೆ. ಅದು ಸುತ್ತಲಿನ ಅನಿಲವನ್ನು ದಾಟಿ ಬರುವಾಗ, ಅಲ್ಲಿ ಯಾವ ಧಾತು ಎಷ್ಟಿತ್ತು ಅನ್ನುವ ಗುರುತು ಹೊತ್ತು ತರುತ್ತದೆ. ನನಗೆ ಅತಿ ಜಾಸ್ತಿ ಬೆಲೆಯದ್ದು ಅನಿಸುವುದು ಇದೇ. ಆದರೆ ಆ ಬೆಳಕು ಬೇಗ ಮಾಸುತ್ತದೆ. ತಡವಾದರೆ ಮುಗಿಯಿತು.

ಮೊದಲ ನಕ್ಷತ್ರಗಳ ಹುಡುಕಾಟ ನಮ್ಮ ಜಿಲ್ಲೆಗೆ ಹೊಸ ವಿಷಯವೂ ಅಲ್ಲ. ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸರಸ್ ಅನ್ನುವ ರೇಡಿಯೋ ದೂರದರ್ಶಕವನ್ನು ನಮ್ಮ ದಂಡಿಗಾನಹಳ್ಳಿ ಕೆರೆಯಲ್ಲಿ ತೇಲಿಬಿಟ್ಟಿದ್ದರು, ಶರಾವತಿ ಹಿನ್ನೀರಿನಲ್ಲೂ. ನೆಲದ ಮೇಲಾದರೆ ಅಡಿಯ ಮಣ್ಣು, ಬಂಡೆಗಳ ಪದರಗಳು ಅಳತೆ ಕೆಡಿಸುತ್ತವೆ. ನೀರು ಎಲ್ಲೆಡೆ ಒಂದೇ ಸಮ. ಮೊದಲ ನಕ್ಷತ್ರಗಳ ಕಾಲದ ರೇಡಿಯೋ ಸಂಕೇತ ಸಿಕ್ಕಿದೆ ಅಂತ 2018ರಲ್ಲಿ ಎಡ್ಜಸ್ ಅನ್ನುವ ವಿದೇಶಿ ಪ್ರಯೋಗದ ತಂಡ ಹೇಳಿತ್ತು. ಆ ಸಂಕೇತ ಆಕಾಶದ್ದಲ್ಲ ಅಂತ 2022ರಲ್ಲಿ ಸರಸ್ ತಂಡ ತೋರಿಸಿತು. ನಮ್ಮ ಶಾಲೆಗಳ ಎಷ್ಟು ಮಕ್ಕಳಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಈಗ ಉಪಗ್ರಹದ ಮಾತು. 2015ರಲ್ಲಿ ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ ನೂರಾರು ಗಾಮಾ ಸ್ಫೋಟಗಳನ್ನು ಗುರುತಿಸಿದೆ. ಆದರೆ ಒಂದೇ ಉಪಗ್ರಹವಾದರೆ ಆಕಾಶದ ದೊಡ್ಡ ಪಾಲನ್ನು ಭೂಮಿಯೇ ಮರೆಮಾಡುತ್ತದೆ. ಅದಕ್ಕೇ ನಮ್ಮ ವಿಜ್ಞಾನಿಗಳು 'ದಕ್ಷ' ಅನ್ನುವ ಯೋಜನೆ ಮುಂದಿಟ್ಟಿದ್ದಾರೆ. ಎರಡು ಉಪಗ್ರಹ, ಭೂಮಿಯ ಆಚೆಗೊಂದು, ಈಚೆಗೊಂದು. ಸ್ಫೋಟ ಯಾವ ದಿಕ್ಕಿನಲ್ಲಾದರೂ ಒಂದಕ್ಕಾದರೂ ಕಾಣಲೇಬೇಕು. ಇದಕ್ಕೆ ಸರ್ಕಾರ ಹಣ ಕೊಡಲೇಬೇಕು ಅನ್ನುವುದು ನನ್ನ ಒತ್ತಾಯ.