ಕಸದ ಊರು ದಾಟಿದ್ರೆ ಗವಿ ಚರ್ಚು: ಕೈರೋದ ಮೊಕಟ್ಟಮ್ ಬೆಟ್ಟಕ್ಕೆ ಹೋಗಿ ಬಂದ ಕಥೆ

[ಕಿರಿದಾದ ಗಲ್ಲಿ. ಫೋನ್ ಕೈಯಲ್ಲೇ ಇದೆ, ಶಾಟ್ ಅಲುಗಾಡ್ತಾ ಇರುತ್ತೆ]

ನೋಡಿ, ಇದು ಚರ್ಚಿಗೆ ಹೋಗೋ ದಾರಿ. ಹೌದು, ಇದೇ. ಎಡಗಡೆ ಪ್ಲಾಸ್ಟಿಕ್ ಬಾಟ್ಲಿ ಮೂಟೆ, ಬಲಗಡೆ ರಟ್ಟು, ಮೇಲೆ ಬಾಲ್ಕನೀಲಿ ಒಣಗಾಕಿರೋ ಬಟ್ಟೆ, ಮಧ್ಯದಲ್ಲಿ ಒಂದು ಪಿಕಪ್ ಗಾಡಿ, ಅದರ ಮೇಲೆ ಎರಡಾಳು ಎತ್ತರ ಕಸ, ಆ ಕಸದ ತುದೀಲಿ ಒಬ್ಬ ಹುಡುಗ ಆರಾಮಾಗಿ ಕೂತ್ಕೊಂಡು ಫೋನ್ ನೋಡ್ತಾ ಇದಾನೆ. ವಾಸನೆ ವಿಡಿಯೋದಲ್ಲಿ ಬರಲ್ಲ, ಪುಣ್ಯ ಮಾಡಿದ್ದೀರ.

ನಮಸ್ಕಾರ ಎಲ್ಲರಿಗೂ. ನಮ್ದು ಚಿಂತಾಮಣಿ ಅಂತ ಹೊಸಬರಿಗೆ ಮೊದಲೇ ಹೇಳ್ಬಿಡ್ತೀನಿ, ಹಾಗಾಗಿ ಮಾತಿನ ಮಧ್ಯೆ ತೆಲುಗು ನುಗ್ಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ನಮ್ಮ ಭಾವ ಕೆಲಸದ ಮೇಲೆ ಈಜಿಪ್ಟಲ್ಲಿದ್ರು, ಅಕ್ಕನೂ ಅಲ್ಲೇ ಇದ್ಳು, ಆ ನೆಪದಲ್ಲಿ ನಾನು ಹೋಗಿದ್ದು. ಪಿರಮಿಡ್ ನೋಡಿದ್ದಾಯ್ತು, ಒಂಟೆಯವ್ನ ಹತ್ರ ಮೋಸ ಹೋಗಿದ್ದೂ ಆಯ್ತು, ಆ ವಿಡಿಯೋ ಇನ್ನೊಂದಿನ. ಇವತ್ತಿಂದು ಬೆಟ್ಟದ ಗವಿಯೊಳಗೆ ಕಟ್ಟಿರೋ ಒಂದು ಚರ್ಚು. 20,000 ಜನ ಕೂರಬಹುದು. ತಪ್ಪಾಗಿ ಕೇಳಿಸ್ಕೊಂಡಿಲ್ಲ, ಇಪ್ಪತ್ತು ಸಾವಿರ.

ಗವಿ ಅಂದ್ರೆ ನಮಗೇನು ಹೊಸದಲ್ಲ ಬಿಡಿ. ಕೈವಾರದಲ್ಲಿ ತಾತಯ್ಯನೋರು ತಪಸ್ಸು ಮಾಡಿದ ಗವಿ ಇದೆ, ಬಳೆ ಮಾರ್ಕೊಂಡಿದ್ದ ಮನುಷ್ಯ ಬಂದು ಗವಿಯಲ್ಲಿ ಕೂತು ಯೋಗಿ ಆದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಲ್ಲೇ ಅಂಬಾಜಿದುರ್ಗದ ಹತ್ರ ಕೈಲಾಸಗಿರಿ, ಬಂಡೆನೇ ಕೊರೆದು ಒಳಗೆ ಶಿವಲಿಂಗ ಇಟ್ಟಿದಾರೆ, ಬೇಸಿಗೇಲಿ ಹೋದ್ರೆ ಒಳಗಡೆ ಫ್ರಿಡ್ಜ್ ಥರ ತಣ್ಣಗೆ. ನಾನು ಇಲ್ಲೂ ಅಂಥದ್ದೇ ಏನೋ ಇರುತ್ತೆ, ಬಗ್ಗಿ ಹೋಗ್ಬೇಕು, ಕತ್ತಲೆ, ದೀಪ, ಮೇಣದ ಬತ್ತಿ ಅಂದ್ಕೊಂಡು ಹೋದೆ. ಅಲ್ಲಿ ನೋಡಿದ್ರೆ ಸ್ಟೇಡಿಯಂ.

[ಒಳಗಿನ ಶಾಟ್, ನಿಧಾನಕ್ಕೆ ಮೇಲಿಂದ ಕೆಳಕ್ಕೆ]

ಬೆಟ್ಟದ ಹೊಟ್ಟೆ ಒಳಗೆ ಅರ್ಧಚಂದ್ರದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸೀಟು, ಕೆಳಗಡೆ ಬಲಿಪೀಠ, ತಲೆ ಮೇಲೆ ಕಂಬ ಇಲ್ಲ ಏನಿಲ್ಲ, ಬರೀ ಬಂಡೆ ಮುಂದಕ್ಕೆ ಚಾಚ್ಕೊಂಡಿದೆ. ಒಂದು ಕಡೆ ಪೂರ್ತಿ ಓಪನ್, ಬೆಳಕು ಅಲ್ಲಿಂದಾನೇ ಬರುತ್ತೆ. ಕೆಳಗೆ ಯಾರೋ ಒಬ್ಬರು ಅಜ್ಜಿ ಗುನುಗ್ತಾ ಇದ್ದಿದ್ದು ಮೇಲಿನ ಸಾಲಲ್ಲಿ ಕೂತಿದ್ದ ನನಗೆ ಕೇಳಿಸ್ತು. ಗೋಡೆ ತುಂಬಾ ಬೈಬಲ್ ಕಥೆಗಳ ಕೆತ್ತನೆ, ಅದನ್ನ ಮಾಡಿದ್ದು ಮಾರಿಯೋ ಅಂತ ಪೋಲೆಂಡಿನ ಒಬ್ಬ ಕಲಾವಿದ. ಇಡೀ ಬೆಟ್ಟದಲ್ಲಿ ಇದೊಂದೇ ಅಲ್ಲ, ಇನ್ನೂ ಕೆಲವು ಗವಿ ಚರ್ಚುಗಳಿವೆ, ಎಲ್ಲ ಸೇರಿ ಸಂತ ಸೈಮನ್ ಅವರ ಹೆಸರಿನ ಮಠ. ಅರಬ್ಬಿಯಲ್ಲಿ ದೇರ್ ಸಮಾನ್. ದೇರ್ ಅಂದ್ರೆ ಮಠ.

ಈಗ ಈ ಸೈಮನ್ ಯಾರು? ಇಲ್ಲಿಂದ ಕಥೆ ಚೆನ್ನಾಗಿದೆ, ಕಾಫಿ ತಗೊಂಡು ಬನ್ನಿ.

ಹತ್ತನೇ ಶತಮಾನ. ಈಜಿಪ್ಟನ್ನ ಆಳ್ತಾ ಇದ್ದಿದ್ದು ಫಾತಿಮಿದ್ ಖಲೀಫರು, ಕೈರೋ ಊರು ಕಟ್ಟಿಸಿದ್ದೇ ಅವರು. ಅಲ್ ಮುಇಜ್ ಅನ್ನೋ ಖಲೀಫನಿಗೆ ಬೇರೆ ಬೇರೆ ಧರ್ಮದೋರನ್ನ ಕೂರಿಸ್ಕೊಂಡು ವಾದ ಮಾಡಿಸೋದಂದ್ರೆ ಇಷ್ಟ ಅಂತೆ. ಅಂಥ ಒಂದಿನ ಆಸ್ಥಾನದಲ್ಲಿ ಯಾರೋ ಕಡ್ಡಿ ಗೀರಿದ್ರು. ಸ್ವಾಮಿ, ಈ ಕ್ರಿಶ್ಚಿಯನ್ನರ ಗ್ರಂಥದಲ್ಲೇ ಬರೆದಿದೆ, ಸಾಸಿವೆ ಕಾಳಷ್ಟು ನಂಬಿಕೆ ಇದ್ರೆ ಬೆಟ್ಟಕ್ಕೆ ಸರಿ ಅಂದ್ರೆ ಸರಿಯುತ್ತೆ ಅಂತ, ಮಾಡಿ ತೋರಿಸ್ಲಿ ನೋಡೋಣ ಅಂತ. ಮತ್ತಾಯನ ಸುವಾರ್ತೆಯಲ್ಲಿ ಆ ಮಾತು ಇರೋದು ನಿಜಾನೇ. ಖಲೀಫ ಕಾಪ್ಟಿಕ್, ಅಂದ್ರೆ ಈಜಿಪ್ಟಿನದ್ದೇ ಹಳೇ ಕ್ರಿಶ್ಚಿಯನ್ ಪಂಗಡದ, ಧರ್ಮಗುರು ಅಬ್ರಹಾಂ ಅವರನ್ನ ಕರೆಸಿ, ಮೊಕಟ್ಟಮ್ ಬೆಟ್ಟ ಸರಿಸ್ರಿ, ಇಲ್ಲಾಂದ್ರೆ ನಿಮ್ಮ ಜನದ ಗತಿ ನೆಟ್ಟಗಿರಲ್ಲ ಅಂದ. ಅವರು ಮೂರು ದಿನ ಟೈಮ್ ಕೇಳ್ಕೊಂಡ್ರು, ಎಲ್ಲರೂ ಉಪವಾಸ ಕೂತ್ರು. ಮೂರನೇ ದಿನ ಬೆಳಗಿನ ಜಾವ ಮಾತೆ ಮರಿಯಮ್ಮ ಕಾಣಿಸ್ಕೊಂಡು, ಎದ್ದು ಸಂತೆ ಕಡೆ ಹೋಗು, ಒಂಟಿ ಕಣ್ಣಿನವನೊಬ್ಬ ನೀರು ಹೊತ್ಕೊಂಡು ಬರ್ತಾನೆ, ಅವನೇ ಈ ಕೆಲಸ ಮಾಡೋನು ಅಂದ್ಳಂತೆ.

ಆ ಒಂಟಿ ಕಣ್ಣಿನೋನು ಸೈಮನ್. ಕೆಲಸ ಚರ್ಮ ಹದ ಮಾಡೋದು, ಚಪ್ಪಲಿ ಹೊಲಿಯೋದು. ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಕೈಲಾಗದ ಮುದುಕರಿಗೆ, ಕಾಯಿಲೆಯವರಿಗೆ ನೀರು ಹೊತ್ತು ಹಾಕ್ತಿದ್ದ. ಕಣ್ಣು ಹೋಗಿದ್ದು ಹೇಗೆ ಅಂದ್ರೆ, ಒಂದಿನ ಚಪ್ಪಲಿ ಮಾಡಿಸೋಕೆ ಹೆಂಗಸೊಬ್ಬಳು ಬಂದಾಗ ಇವನ ನೋಟ ತಪ್ಪು ಕಡೆ ಹೋಯ್ತಂತೆ, ಕಣ್ಣು ಪಾಪ ಮಾಡಿಸಿದ್ರೆ ಕಿತ್ತು ಬಿಸಾಕು ಅನ್ನೋ ಬೈಬಲ್ ಮಾತು ನೆನಪಾಗಿ, ಕೈಯಲ್ಲಿದ್ದ ಚರ್ಮಕ್ಕೆ ತೂತು ಹಾಕೋ ಸಾಧನದಿಂದಲೇ ತನ್ನ ಕಣ್ಣು ತಾನೇ ತಿವಿದ್ಕೊಂಡ.

ಇದನ್ನ ಕೇಳ್ತಿದ್ದಂಗೆ ನನಗೆ ನೆನಪಾಗಿದ್ದು ಕಾಳಹಸ್ತಿ. ನಿಮಗೂ ಆಗಿರುತ್ತೆ. ನಮ್ಮ ಊರಿಂದ ರಾಹು ಕೇತು ಪೂಜೆಗೆ ಅಂತ ವರ್ಷಕ್ಕೊಂದು ಗಾಡಿ ಆದ್ರೂ ಅಲ್ಲಿಗೆ ಹೋಗೇ ಹೋಗುತ್ತೆ, ಹೋದವರೆಲ್ಲ ಬೇಡರ ಕಣ್ಣಪ್ಪನ ಕಥೆ ಕೇಳ್ಕೊಂಡೇ ಬರೋದು. ಆದ್ರೆ ಕಣ್ಣಪ್ಪ ಕಣ್ಣು ಕಿತ್ತಿದ್ದು ದೇವರಿಗೆ ಕೊಡೋಕೆ, ಶಿವನ ಕಣ್ಣಲ್ಲಿ ರಕ್ತ ಬಂತಲ್ಲ ಅಂತ ಪ್ರೀತಿಗೆ. ಸೈಮನ್ನು ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ. ನನಗೆ ನಮ್ಮ ಕಣ್ಣಪ್ಪನೇ ಇಷ್ಟ, ಏನ್ ಮಾಡ್ಲಿ. ಇನ್ನೊಂದು ಹೆಸರು ತಲೆಗೆ ಬಂದಿದ್ದು ಹರಳಯ್ಯ, ಬಸವಣ್ಣನವರಿಗೆ ತನ್ನ ತೊಡೆ ಚರ್ಮದಲ್ಲೇ ಚಪ್ಪಲಿ ಹೊಲಿದು ಕೊಟ್ಟ ಶರಣ. ಅಲ್ಲೂ ಚಪ್ಪಲಿ ಇಲ್ಲೂ ಚಪ್ಪಲಿ. ಚರ್ಮದ ಕೆಲಸದವನ ಭಕ್ತಿ ದೊಡ್ಡ ಗುರುವನ್ನೂ ಮೀರಿಸುತ್ತೆ ಅನ್ನೋ ಕಥೆಯನ್ನ ಎರಡು ಊರಿನವರೂ ಒಬ್ಬರನ್ನೊಬ್ಬರು ಕೇಳದೇನೇ ಕಟ್ಕೊಂಡಿದಾರೆ ನೋಡಿ.

ಸರಿ, ಬೆಟ್ಟ ಏನಾಯ್ತು? ಒಂದು ಕಡೆ ಖಲೀಫ, ಸೈನ್ಯ. ಇನ್ನೊಂದು ಕಡೆ ಗುರು, ಹಿಂದೆ ಜನ, ಜನದ ಮಧ್ಯೆ ಯಾರಿಗೂ ಗೊತ್ತಾಗದಂಗೆ ಸೈಮನ್. ನನ್ನ ಹೆಸರು ಹೇಳ್ಬೇಡಿ ಅಂತ ಮೊದಲೇ ಮಾತು ತಗೊಂಡಿದ್ದ. ಎಲ್ಲರೂ ಸ್ವಾಮಿ ಕರುಣಿಸು, ಸ್ವಾಮಿ ಕರುಣಿಸು ಅಂತ ನೆಲಕ್ಕೆ ಬಗ್ಗಿದ್ರು. ಏಳುವಾಗ ಬೆಟ್ಟವೂ ಮೇಲಕ್ಕೆದ್ದು ಕೆಳಗಿಂದ ಸೂರ್ಯ ಕಾಣಿಸ್ತಂತೆ! ಮತ್ತೆ ಬಗ್ಗಿದ್ರೆ ಕೂತ್ಕೊಳ್ತು, ಮತ್ತೆ ಎದ್ರೆ ಎದ್ದಿತು. ಖಲೀಫ ಸಾಕು ಸಾಕು ಅಂದ. ಗುರು ತಿರುಗಿ ನೋಡ್ತಾರೆ, ಸೈಮನ್ ಇಲ್ಲ. ಎಲ್ಲೂ ಸಿಗ್ಲೇ ಇಲ್ಲ. ಕಾಪ್ಟಿಕ್ ಕ್ರಿಶ್ಚಿಯನ್ನರು ಇವತ್ತಿಗೂ ಅವರ ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸಕ್ಕೆ ಆ ಮೂರು ದಿನ ಸೇರಿಸ್ಕೊಂಡೇ ಮಾಡ್ತಾರೆ. ಆಮೇಲೆ 1991ರಲ್ಲಿ ಹಳೇ ಕೈರೋದ ಒಂದು ಚರ್ಚಲ್ಲಿ ಒಂದು ಅಸ್ಥಿಪಂಜರ ಸಿಕ್ತು, ಅದು ಸೈಮನ್‌ದೇ ಅಂತ ಅವರ ನಂಬಿಕೆ.

ಇತಿಹಾಸದ ಲೆಕ್ಕ ಹಾಕೋರಿಗೆ ಒಂದು ಮಾತು, ಅಬ್ರಹಾಂ ಗುರು ಆಗಿದ್ದು 975ರಲ್ಲಿ, ಖಲೀಫ ತೀರ್ಕೊಂಡಿದ್ದೂ 975ರ ಕೊನೇಲಿ. ಇಬ್ಬರೂ ಎದುರಾಬದುರಾ ಆಗೋಕೆ ಸಿಕ್ಕ ಟೈಮು ಬಹಳ ಕಮ್ಮಿ. ಕಥೆ ಕಥೆನೇ, ಆದ್ರೆ ಮೊಕಟ್ಟಮ್ ಅನ್ನೋ ಅರಬ್ಬಿ ಪದದ ಅರ್ಥ ಕತ್ತರಿಸಿ ಹೋಗಿರೋದು, ತುಂಡಾಗಿರೋದು ಅಂತ. ಅದನ್ನ ಹೇಳಿದ್ದು ಭಾವ. ಭಾವ, ನೀವು ಈ ವಿಡಿಯೋ ನೋಡ್ತಾ ಇದ್ರೆ, ಥ್ಯಾಂಕ್ಸ್, ಮತ್ತೆ ನಿಮ್ಮ ಪವರ್ ಬ್ಯಾಂಕ್ ನನ್ನ ಬ್ಯಾಗಲ್ಲೇ ಉಳ್ಕೊಂಡಿದೆ.

[ಬಂಡೆಯ ಕ್ಲೋಸಪ್]

ಬಂಡೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಇದು ನಮ್ಮ ನಂದಿ ಬೆಟ್ಟದ ಥರ ಗ್ರಾನೈಟ್ ಅಲ್ಲ, ಸುಣ್ಣದ ಕಲ್ಲು. ನಮ್ಮದು ಸುಮಾರು 250 ಕೋಟಿ ವರ್ಷದ ಹಿಂದಿನ ಕಲ್ಲು, ಇದು ಅದರ ಮುಂದೆ ನಿನ್ನೆ ಮೊನ್ನೆದು, ನಾಲ್ಕೈದು ಕೋಟಿ ವರ್ಷದ ಹಿಂದೆ ಸಮುದ್ರದ ತಳ ಆಗಿತ್ತು. ಮೆತ್ತಗಿರೋದಕ್ಕೇ ಕೊರೆಯೋದು ಸುಲಭ, ಮೆತ್ತಗಿರೋದಕ್ಕೇ ಕುಸಿಯೋದೂ ಸುಲಭ. 2008ರ ಸೆಪ್ಟೆಂಬರಲ್ಲಿ ಇದೇ ಬೆಟ್ಟದ ಇನ್ನೊಂದು ಕಡೆ, ದುವೈಕಾ ಅನ್ನೋ ಬಡಾವಣೆ ಮೇಲೆ ಬಂಡೆ ಜಾರಿ ನೂರಕ್ಕೂ ಹೆಚ್ಚು ಜನ ಸತ್ರು. ಒಳಗೆ ಕೂತಾಗ ತಲೆ ಎತ್ತಿ ನೋಡಿದ್ರೆ ಅದೂ ನೆನಪಾಗುತ್ತೆ.

ಈಗ ಕಸಕ್ಕೆ ಬರೋಣ, ಯಾಕಂದ್ರೆ ಈ ಚರ್ಚು ಕಟ್ಟಿದ್ದು ಖಲೀಫನೂ ಅಲ್ಲ ರಾಜನೂ ಅಲ್ಲ, ಕಸ ಹೆಕ್ಕೋ ಜನ. ಟ್ರಾವೆಲ್ ವಿಡಿಯೋಗಳಲ್ಲಿ ಕಾರಿನ ಗ್ಲಾಸ್ ಏರಿಸ್ಕೊಂಡು ಸೀದಾ ಚರ್ಚ್ ಮುಂದೆ ಇಳೀತಾರೆ, ನನಗೆ ಅದು ಸರಿ ಅನ್ಸಲಿಲ್ಲ.

ಇವರನ್ನ ಜಬ್ಬಾಲೀನ್ ಅಂತಾರೆ, ಕಸದವರು ಅಂತಾನೇ ಅರ್ಥ. 1940ರ ದಶಕದಿಂದ ದಕ್ಷಿಣದ ಅಸ್ಯೂತ್ ಕಡೆಯಿಂದ ಬೆಳೆ ಕೈಕೊಟ್ಟು ಗುಳೆ ಬಂದ ರೈತರು. ಬಹುಪಾಲು ಕಾಪ್ಟಿಕ್ ಕ್ರಿಶ್ಚಿಯನ್ನರು, ಹಂದಿ ಸಾಕೋರು. ಕೈರೋದಲ್ಲಿ ಮನೆ ಮನೆ ಕಸ ಎತ್ಕೊಂಡು ಬಂದು ಹಂದಿಗೆ ಹಾಕಿ, ಉಳಿದಿದ್ದು ವಿಂಗಡಿಸಿ ಮಾರ್ತಾ ಇದ್ರು. ಊರು ಬೆಳೀತಾ ಬೆಳೀತಾ ಇವರನ್ನ ಅಲ್ಲಿಂದ ಎಬ್ಬಿಸು, ಇಲ್ಲಿಂದ ಎಬ್ಬಿಸು, ಕೊನೆಗೆ 1970ರ ಹೊತ್ತಿಗೆ ಈ ಬೆಟ್ಟದ ಬುಡಕ್ಕೆ ತಂದು ಬಿಟ್ರು. ಮೊದಲು ತಗಡಿನ ಗುಡಿಸಲು, ಚರ್ಚೂ ತಗಡಿಂದೇ. ಆಮೇಲೆ 80ರ ದಶಕದಿಂದ ಗವಿಯೊಳಗಿನ ಕಲ್ಲು ಮಣ್ಣು ಹೊರಗೆ ಹಾಕಿ ಹಾಕಿ ಈ ಸ್ಟೇಡಿಯಂ ಮಾಡ್ಕೊಂಡ್ರು. ಚರ್ಮದ ಕೆಲಸದವನ ಹೆಸರಿಟ್ಕೊಂಡ್ರು. ಇನ್ಯಾರ ಹೆಸರು ಇಟ್ಕೊತಾರೆ ಹೇಳಿ.

ಕೆಲಸ ಹೇಗೆ ಅಂದ್ರೆ, ಗಂಡಸರು ಬೆಳಗಿನ ಜಾವ ಗಾಡಿ ತಗೊಂಡು ಹೋಗ್ತಾರೆ, ನಾಲ್ಕನೇ ಮಹಡೀಲಿದ್ರೂ ಬಾಗಿಲ ಹತ್ರಾನೇ ಹೋಗಿ ಎತ್ಕೊಂಡು ಬರ್ತಾರೆ. ಮನೆ ಕೆಳಗಡೆ ಹೆಂಗಸರು ವಿಂಗಡಿಸ್ತಾರೆ, ಬಿಳಿ ಪ್ಲಾಸ್ಟಿಕ್ ಬೇರೆ, ಬಣ್ಣದ್ದು ಬೇರೆ, ಮುಚ್ಚಳ ಬೇರೆ, ತಗಡು ಬೇರೆ. ಪಕ್ಕದ ಮನೇಲಿ ಪ್ಲಾಸ್ಟಿಕ್ ಪುಡಿ ಮಾಡೋ ಮಿಷನ್ನು ಗರ್ರ್ ಅಂತಿರುತ್ತೆ. ತಂದ ಕಸದಲ್ಲಿ ಸುಮಾರು 80 ಪರ್ಸೆಂಟ್ ಮರುಬಳಕೆ ಆಗುತ್ತೆ ಅಂತ ಇವರ ಬಗ್ಗೆ ಬರೆದಿರೋರೆಲ್ಲ ಹೇಳ್ತಾರೆ. ನಮ್ಮ ಕಡೆ ಹಸಿ ಕಸ ಒಣ ಕಸ ಅಂತ ಎರಡು ಬಕೆಟ್ ಕೊಟ್ರೆ ಅದರಲ್ಲಿ ಒಂದು ಬಕೆಟ್ ಬಚ್ಚಲುಮನೆ ಸೇರಿರುತ್ತೆ.

2003ರಲ್ಲಿ ಸರ್ಕಾರ ಇವರನ್ನ ಬಿಟ್ಟು ಯುರೋಪಿನ ಕಂಪನಿಗಳಿಗೆ ಕಾಂಟ್ರಾಕ್ಟ್ ಕೊಡ್ತು. ಅವರು ರೋಡಲ್ಲಿ ಡಬ್ಬ ಇಟ್ರು, ಜನ ಕೆಳಗಿಳಿದು ಬರಲ್ಲ, ಡಬ್ಬಗಳೂ ಮಾಯ. ಇದಕ್ಕಿಂತ ಬೇಜಾರಾಗೋದು 2009ರ ಕಥೆ. ಹಂದಿ ಜ್ವರ ಅಂತ ಜಗತ್ತೆಲ್ಲ ಗಲಾಟೆ ಆಯ್ತಲ್ಲ, ಈಜಿಪ್ಟಲ್ಲಿ ಆಗಿನ್ನೂ ಒಂದು ಕೇಸೂ ಇರಲಿಲ್ಲ, ಆದ್ರೂ ಸುಮಾರು ಮೂರು ಲಕ್ಷ ಹಂದಿ ಕೊಂದು ಹಾಕೋಕೆ ಆರ್ಡರ್. ಆ ಜ್ವರ ಹಂದಿಯಿಂದ ಹರಡ್ತಾ ಇಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡ್ತಾ ಇದೆ ಅಂತ ಡಾಕ್ಟರುಗಳು ಹೇಳಿದ್ರೂ ಕೇಳಲಿಲ್ಲ. ಹಂದಿ ಹೋದ್ಮೇಲೆ ಹಸಿ ಕಸ ತಿನ್ನೋರು ಯಾರು? ಎತ್ಕೊಂಡು ಬಂದು ಇವರೇನು ಮಾಡ್ತಾರೆ? ಕೈರೋ ಬೀದೀಲೆಲ್ಲ ಅನ್ನ ತರಕಾರಿ ಕೊಳೆತು ಗುಡ್ಡೆ ಬಿತ್ತು. ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಎಚ್.ಎನ್. ವ್ಯಾಲಿ ಅಂತ ನಮ್ಮ ಜಿಲ್ಲೆ ಕೆರೆಗೆ ಬಿಡ್ತಾರಲ್ಲ, ಬೆಂಗಳೂರಲ್ಲಿ ಎಷ್ಟು ಜನಕ್ಕೆ ಅದು ಗೊತ್ತು? ಹಂಗೇನೇ, ಕಸ ಬಾಗಿಲು ದಾಟಿದ್ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಕೈರೋದವರಿಗೆ ಮೊದಲ ಸಲ ಗೊತ್ತಾಗಿದ್ದು ಆವಾಗ.

[ಬೆಟ್ಟದ ಮೇಲಿಂದ ಶಾಟ್. ಮನೆಗಳ ಗೋಡೆ ಮೇಲೆ ಬಿಳಿ, ಕಿತ್ತಳೆ, ನೀಲಿ ಬಣ್ಣ]

ಇದು ಮಿಸ್ ಮಾಡ್ಬೇಡಿ. ಕೆಳಗೆ ಗಲ್ಲೀಲಿ ನಡೀವಾಗ ಅಲ್ಲೊಂದು ಗೋಡೆಗೆ ಇಲ್ಲೊಂದು ಗೋಡೆಗೆ ಬಣ್ಣದ ಪಟ್ಟೆ ಕಾಣುತ್ತೆ, ಏನೂ ಅರ್ಥ ಆಗಲ್ಲ. ಚರ್ಚಿನ ಹತ್ರ ಮೇಲಕ್ಕೆ ಹೋಗಿ ಸರಿಯಾದ ಜಾಗದಲ್ಲಿ ನಿಂತ್ರೆ ಸುಮಾರು 50 ಕಟ್ಟಡ ಸೇರ್ಕೊಂಡು ಒಂದೇ ಬರಹ ಆಗುತ್ತೆ. 2016ರಲ್ಲಿ ಎಲ್ ಸೀಡ್ ಅನ್ನೋ ಟ್ಯುನೀಷಿಯಾ ಮೂಲದ ಕಲಾವಿದ ಮಾಡಿದ್ದು. ಬರೆದಿರೋದು ಈಜಿಪ್ಟಿನ ಹಳೇ ಕಾಲದ ಧರ್ಮಗುರು ಸಂತ ಅಥನಾಸಿಯಸ್ ಅವರ ಮಾತು, ಸೂರ್ಯನ ಬೆಳಕನ್ನ ಸರಿಯಾಗಿ ನೋಡ್ಬೇಕು ಅನ್ನೋನು ಮೊದಲು ತನ್ನ ಕಣ್ಣು ಒರೆಸ್ಕೋಬೇಕು ಅಂತ. ಕಣ್ಣು ತಿವ್ಕೊಂಡವನ ಬೆಟ್ಟದ ಎದುರಿಗೆ! ಬೇಕಂತಲೇ ಆರಿಸಿದ್ನೋ ಏನೋ.

ಹೋಗೋರಿಗೆ ಇಷ್ಟು: ಊರಿಗೆ ಮನ್ಶಿಯತ್ ನಾಸರ್ ಅಂತಾರೆ, ಸಲಾದಿನ್ ಕೋಟೆ ನೋಡೋಕೆ ಹೋದ್ರೆ ಅಲ್ಲಿಂದ ಹತ್ರ. ನಮಗೆ ಸಿಕ್ಕ ಮೊದಲನೇ ಟ್ಯಾಕ್ಸಿಯವನು ಗಲ್ಲಿ ನೋಡಿ ವಾಪಸ್ ತಿರುಗಿಸ್ಬಿಟ್ಟ, ಎರಡನೇವನಿಗೆ ದೇರ್ ಸಮಾನ್ ಅಂತ ಮೊದಲೇ ಹೇಳಿ ಒಪ್ಪಿಸಿದ್ವಿ. ಟಿಕೆಟ್ ಇಲ್ಲ. ಮೊಣಕಾಲು, ಭುಜ ಮುಚ್ಚೋ ಬಟ್ಟೆ ಹಾಕ್ಕೊಳ್ಳಿ. ಕಸ ವಿಂಗಡಿಸ್ತಾ ಇರೋರ ಮುಖಕ್ಕೆ ಕ್ಯಾಮೆರಾ ಹಿಡೀಬೇಡಿ, ನಾನೂ ಹಿಡಿದಿಲ್ಲ. ಅಲ್ಲಿನವರ ಬಲಗೈ ಮಣಿಕಟ್ಟು ಗಮನಿಸಿ, ಒಳಗಡೆ ಸಣ್ಣ ಶಿಲುಬೆ ಹಚ್ಚೆ ಇರುತ್ತೆ, ಮಕ್ಕಳಿಗೂ ಹಾಕಿಸಿರ್ತಾರೆ, ನಮ್ಮ ಅಜ್ಜಿಯರ ಕೈಯಲ್ಲಿ ಇರ್ತಿತ್ತಲ್ಲ ಹಾಗೆ.

ಅವತ್ತು ಸಾಯಂಕಾಲ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಮನೇಲಿ ನಾಲ್ಕು ಸೀಮೆ ಹಸು ಇದೆ, ಡೇರಿಗೆ ಹಾಲು ಹಾಕೋರು ಅವರೇ. ಚರ್ಚು ತೋರಿಸ್ದೆ, ಕೆತ್ತನೆ ತೋರಿಸ್ದೆ, ಬೆಟ್ಟ ಎದ್ದ ಕಥೆ ಹೇಳ್ದೆ, ಹೂಂ ಹೂಂ ಅಂದ್ರು. ಹಂದಿ ಕಥೆ ಹೇಳ್ದಾಗ ಸ್ವಲ್ಪ ಹೊತ್ತು ಸುಮ್ಮನಿದ್ರು.

"ಅಷ್ಟೂ ಕೊಂದ್ಬಿಟ್ರಾ? ದುಡ್ಡಾದ್ರೂ ಕೊಟ್ರೇನಪ್ಪಾ?"

"ಏನೋ ಒಂಚೂರು ಕೊಟ್ರಂತೆ ಅಮ್ಮ, ಸಾಲಲಿಲ್ಲ ಅಂತಾರೆ."

"ಮತ್ತೆ ಈಗ ಏನು ಮಾಡ್ತಾರೆ?"

"ಮತ್ತೆ ಸಾಕ್ತಾ ಇದಾರೆ, ಸದ್ದಿಲ್ಲದಂಗೆ."

"ಹಂಗಾದ್ರೆ ಸರಿ ಬಿಡು" ಅಂದು, ಹಾಲು ಕರೆಯೋ ಹೊತ್ತಾಯ್ತು ಅಂತ ಫೋನ್ ಇಟ್ಬಿಟ್ರು.